ಅರಿವಿ ಒಗಿಯೋ ಕಲ್ಲಿನ ಜಗಳ

ಅಕ್ಕಾರ, ವೈನಿಯಾರ, ಈ ಸಲ ಉಪ್ಪಿನಕಾಯಿ ಮಾತಲ್ಲ, ಜಗಳದ ಮಾತು.

ಹ್ವಾದ ತಿಂಗಳು ಒಂದು ಕಾರ್ಯಕ್ರಮದಾಗ ಒಬ್ಬರು ಭಾಷಣ ಮಾಡಿದ್ರು. ಹೊಳಿ ದಂಡಿ ಶಾಸನ, ವೀರಗಲ್ಲು ಎಲ್ಲಾ ಹೆಣ್ಮಕ್ಕಳಿಂದನ ಹಾಳಾದ್ವಂತ, ಅರಿವಿ ಒಗದು ಒಗದು ಅಕ್ಷರ ಸವಸಿದ್ರಂತ. ಚಪ್ಪಾಳಿ ಬಿತ್ತು. ನನಗ ಮೈ ಉರೀತು.

ಒಗದದ್ದು ಖರೇನ. ತವರೂರಾಗ ತುಂಗಭದ್ರಾ ದಂಡಿಗೆ ಸಾಲು ಸಾಲು ಗೀರಿದ್ದ ಒಂದು ಕಲ್ಲಿನ ಮ್ಯಾಲೆ ನಾನೂ ಒಗದೀನಿ. ಅವು ಅಕ್ಷರ ಅಂತ ನಮಗ ಯಾರು ಹೇಳಿದ್ರು? ಅದರ ಬಾಜೂಕ ಬಳಿ ತೊಟ್ಟ ಕೈ ಎತ್ತಿದ್ದ ಮಾಸ್ತಿಕಲ್ಲಿತ್ತು. ಗಂಡನ ಚಿತಿ ಏರಿದಾಕಿ ನೆನಪಿಗೆ ಅಂಥಾ ಕಲ್ಲು ನಿಲ್ಲಸ್ತಿದ್ರು. ಅದರ ಮ್ಯಾಲೆ ನಮ್ಮವ್ವ ಒಂದು ದಿನಾನೂ ಅರಿವಿ ಬಡೀಲಿಲ್ಲ. ಮುಂದ ಪಾವಟಿಗಿ ಕಟ್ಟೋವಾಗ ಗುತ್ತಿಗೆದಾರ ಎರಡನ್ನೂ ಬೋರಲ ಹಾಕಿ ಕಾಂಕ್ರೀಟ್ ಸುರುವಿದ. ಅವನ ಮ್ಯಾಲೆ ಯಾರೂ ಭಾಷಣ ಮಾಡಲಿಲ್ಲ.

ಭೀಮಾ ದಂಡಿಯ ಸನ್ನತಿ ನೋಡ್ರಿ. 1986ರಾಗ ಚಂದ್ರಲಾಂಬಾ ಗುಡಿ ಆವರಣದ ಕಾಳಿ ಗುಡಿ ಚಾವಣಿ ಕುಸೀತು. ಆಗ ದೇವಿ ಪೀಠದ ಕಲ್ಲಿನಾಗ ಅಶೋಕನ ಶಾಸನ ಕಂಡಿತು, ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷಾ. ಅಶೋಕನ ಮಾತನ್ನ ಪೀಠ ಮಾಡಿದವರು ಅರಿವಿ ಒಗಿಯೋರೇನು? ಅಲ್ಲ. ಓದಾಕ ಬರದಿದ್ರ ಎಲ್ಲಾರಿಗೂ ಕಲ್ಲು ಬರೇ ಕಲ್ಲ.

ಹಂಗಾರ ಬೈಯೋದು ಬಿಟ್ಟು ಕಲಸ್ರಿ. ಲಂಡನ್ನಿನಾಗ ಥೇಮ್ಸ್ ನದಿ ನೀರು ದಿನಕ್ಕ ಎರಡು ಸಲ ಇಳೀತದ. 2008ರಿಂದ ಅಲ್ಲಿ ಸಾಮಾನ್ಯ ಮಂದಿಗೆ ತರಬೇತಿ ಕೊಟ್ಟಾರ. ನೀರು ಇಳದಾಗ ಅವರು ಕೆಸರಾಗ ನಿಂತು ಹಳೇ ಕಟ್ಟಿಗಿ ಕಂಬ, ಹಡಗಿನ ತುಂಡು ಅಳದು, ಫೋಟೋ ತಗದು ಬರದಿಡತಾರ. ನದಿ ಅವನ್ನ ದಿನಾ ಕೊಚ್ಚತದ, ತಡಾ ಮಾಡಿದ್ರ ಏನೂ ಉಳಿಯಂಗಿಲ್ಲ.

ನಮ್ಮ ಹೊಳಿ ಬ್ಯಾಸಿಗ್ಯಾಗ ಇಳೀತದ. ಆಗ ಯಾವ ಕಲ್ಲು ಎಲ್ಲಿ ಏಳತದ ಅನ್ನೋದು ಕೊಡಾ ಹೊತ್ತು ಹೋಗೋರಿಗಿಂತ ಯಾರಿಗೆ ಚೊಲೋ ಗೊತ್ತು? ಫೋಟೋ ತಗಿಯಾಕ ಬಂದವರು ಗೌಡರ ಕಟ್ಟಿ ಮ್ಯಾಲೆ ಚಾ ಕುಡದು ಹೋಗ್ತಾರ, ನಮ್ಮನ್ನ ಕೇಳಂಗಿಲ್ಲ.

ಅವರು ಕೇಳೋತನಕ ಕಾಯೋದು ಬ್ಯಾಡ. ಗೀರಿದ್ದ ಕಲ್ಲು ಕಂಡ್ರ ಮುಂಜಾನೆ ಇಲ್ಲಾ ಸಂಜೀಮುಂದ ಬಿಸಲು ಓರೆ ಬೀಳೋವಾಗ ಫೋಟೋ ತಗೀರಿ, ಅಕ್ಷರ ಎದ್ದು ಕಾಣತಾವ. ಬಾಜೂಕ ಹುಡುಗರ ಸ್ಕೇಲ್ ಇಡ್ರಿ. ಎಲ್ಲಿ ಅದ, ಯಾವತ್ತು ಕಂಡ್ರಿ ಅಂತ ಬರೀರಿ. ಅಗಿಯೋದು, ಎಬ್ಬಿಸಿ ಮನಿಗೆ ತರೋದು, ಎಣ್ಣಿ ಪೇಂಟು ಬಳಿಯೋದು ಬ್ಯಾಡ. ಪುರಾತತ್ವ ಇಲಾಖೆಗೆ ತಿಳಸ್ರಿ. ಪಾವಟಿಗಿ ಕೆಲಸಾ ಸುರು ಆಗೋದಿದ್ರ ಪಂಚಾಯ್ತಿಗೆ ಮೊದಲ ಹೋಗಿ ಕೇಳ್ರಿ.

ಅರಿವಿ ಬ್ಯಾರೆ ಕಲ್ಲಿಗೆ ಒಗೀತೀವಿ, ಅದೇನು ದೊಡ್ಡದಲ್ಲ. ಆದ್ರ ಕಾಂಕ್ರೀಟಿನ ತಪ್ಪು ನಮ್ಮ ತಲಿಗೆ ಕಟ್ಟಬ್ಯಾಡ್ರಿ.