ಆನೆಯೇರದ ಕಾವ್ಯ

ಫಲಿತಾಂಶದ ಋತುವೆಂಬುದೊಂದು ನಮ್ಮ ಪಂಚಾಂಗದಲ್ಲಿ ಈಗ ಸೇರಿಹೋಗಿದೆ. ಬೇಸಗೆ ಕಾಲಿಟ್ಟಿತೆಂದರೆ ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿಗಳ ಹಾದಿಯ ತಿರುವುಗಳಲ್ಲಿ ನಗುಮೊಗದ ಫಲಕಗಳು ಏಳುತ್ತವೆ. ಒಂದೊಂದು ಮೊಗದ ಕೆಳಗೂ ಒಂದೊಂದು ಅಂಕೆ. ಆ ಮಕ್ಕಳ ಶ್ರಮವನ್ನು ನಾನು ಗೌರವಿಸುತ್ತೇನೆ. ಆದರೆ ಅಧ್ಯಾಪಕನಾದವನ ಕಣ್ಣು ಫಲಕದಲ್ಲಿಲ್ಲದವರನ್ನು ಅರಸುತ್ತದೆ. ಅನುತ್ತೀರ್ಣರಾದವರ ಮಾತಲ್ಲ ಇದು. ತೊಂಬತ್ತೈದನ್ನು ಬಯಸಿ ಎಂಬತ್ತೆಂಟನ್ನು ಪಡೆದವರಿರುತ್ತಾರಲ್ಲ, ಅವರ ಮಾತು. ಲೋಕದ ಲೆಕ್ಕದಲ್ಲಿ ಅವರು ಸೋತವರಲ್ಲ. ಆದುದರಿಂದಲೇ ಅವರ ದುಃಖಕ್ಕೆ ಲೋಕದಲ್ಲಿ ಎಡೆಯಿಲ್ಲ. ಅತ್ತರೆ, 'ಇಷ್ಟಾದರೂ ಬಂತಲ್ಲ' ಎಂಬ ಸಮಾಧಾನ ಸಿದ್ಧವಾಗಿರುತ್ತದೆ. ಕೊಟ್ಟವರ ಮನಸ್ಸನ್ನು ಅದು ಹಗುರ ಮಾಡುತ್ತದೆಯೇ ಹೊರತು ಪಡೆದವರ ಮನಸ್ಸನ್ನಲ್ಲ.

ಇಂಥವರಿಗಾಗಿ ದೂರದ ಮಹಾಪುರುಷರನ್ನು ಹುಡುಕಿ ತರಬೇಕಾಗಿಲ್ಲ. ಹದಿನಾರನೆಯ ಶತಮಾನದಲ್ಲಿ ಮೂಡುಬಿದಿರೆಯಲ್ಲೇ ಬಾಳಿದ ರತ್ನಾಕರವರ್ಣಿ ಇದ್ದಾನೆ. ಅವನ 'ಭರತೇಶ ವೈಭವ' ಸಾಂಗತ್ಯದಲ್ಲಿ ಹತ್ತು ಸಾವಿರದ ಸಮೀಪಕ್ಕೆ ಹೋಗುವ ಪದ್ಯಗಳ ಕಾವ್ಯ. ಆ ಛಂದಸ್ಸಿನಲ್ಲಿ ಅದಕ್ಕೆ ಸಾಟಿಯಾದುದು ವಿರಳ. ಕಾವ್ಯ ಮುಗಿದ ಮೇಲೆ ಅದನ್ನು ಆನೆಯ ಮೇಲಿಟ್ಟು ಮೆರವಣಿಗೆ ಮಾಡಿಸಬೇಕೆಂದು ಕವಿ ಬಯಸಿದನಂತೆ. ಒಂದೆರಡು ಪದ್ಯಗಳು ಶಾಸ್ತ್ರಕ್ಕೆ ವಿರುದ್ಧವಾಗಿವೆಯೆಂದು ಗುರುಗಳು ಒಪ್ಪಲಿಲ್ಲವಂತೆ. ಜಗಳವಾಯಿತು. ಶ್ರಾವಕರ ಮನೆಗಳಲ್ಲಿ ಭಿಕ್ಷೆ ತಪ್ಪಿತು. ಅಕ್ಕನ ಮನೆಯೊಂದರಲ್ಲಿ ಉಣ್ಣುತ್ತಿದ್ದ ಕವಿ ಕಡೆಗೆ ರೋಷ ತಾಳದೆ ಜೈನಮತವನ್ನೇ ಬಿಟ್ಟು ವೀರಶೈವನಾದನೆಂದೂ, ಮುಂದೆ ಮತ್ತೆ ಹಿಂದಿರುಗಿದನೆಂದೂ ದೇವಚಂದ್ರನ 'ರಾಜಾವಳೀಕಥೆ' ಹೇಳುತ್ತದೆ. ಅದು ಕವಿಯ ಕಾಲಕ್ಕಿಂತ ಸುಮಾರು ಮೂರು ಶತಮಾನ ಈಚಿನ ಗ್ರಂಥ. ಅದರಲ್ಲಿ ಚರಿತ್ರೆಯ ಪಾಲೆಷ್ಟು, ಕಲ್ಪನೆಯ ಪಾಲೆಷ್ಟು ಎಂಬುದನ್ನು ವಿದ್ವಾಂಸರಿಗೆ ಬಿಡೋಣ. ಇಂಥ ಕಥೆಯನ್ನು ನಮ್ಮವರು ಕಾಪಾಡಿಕೊಂಡು ಬಂದರೆಂಬುದೇ ನನಗೆ ಮುಖ್ಯ.

ಕವಿಯ ಬಯಕೆಯಲ್ಲಿ ಎರಡು ಎಳೆಗಳು ಹೆಣೆದುಕೊಂಡಿದ್ದುವು: ಕಾವ್ಯ ಮುಗಿಯಬೇಕು, ಆನೆ ಬರಬೇಕು. ಮೊದಲನೆಯದು ಅವನ ಕೈಯಲ್ಲಿತ್ತು, ಎರಡನೆಯದು ಪರರ ಕೈಯಲ್ಲಿ. ಹಾಗಾದರೆ ಆನೆಯನ್ನು ಮರೆತುಬಿಡಬಹುದಿತ್ತಲ್ಲ ಎಂದು ವಿವೇಕಿಗಳು ಹೇಳಿಯಾರು. ನಾನು ಹಾಗೆ ಹೇಳಲಾರೆ. ಹತ್ತು ಸಾವಿರ ಪದ್ಯಗಳ ದಾರಿಯಲ್ಲಿ ಎಷ್ಟು ಇರುಳು ಆ ಆನೆಯೇ ಅವನನ್ನು ಮುಂದೆ ನಡೆಸಿತೋ ಯಾರು ಬಲ್ಲರು? ಬಯಕೆ ಕೈಗೂಡಲಿಲ್ಲವೆಂದ ಮಾತ್ರಕ್ಕೆ ಅದು ಕ್ಷುದ್ರವಾಗಿತ್ತೆಂದು ಹೇಳುವುದು ಸುಳ್ಳು ಸಮಾಧಾನ. ಈ ಕಥೆ ಅಂಥ ಸುಳ್ಳನ್ನು ಹೇಳುವುದಿಲ್ಲ. ಕವಿಯ ಮುನಿಸನ್ನು ಅದು ಮುಚ್ಚಿಡುವುದಿಲ್ಲ, ಕ್ಷಮೆ ಬೇಡಿಸುವುದೂ ಇಲ್ಲ. ಇನ್ನು ಆ ಅಕ್ಕ. ಅವಳು ತಮ್ಮನಿಗೆ ಬುದ್ಧಿ ಹೇಳಿದಳೋ ಇಲ್ಲವೋ, ಅನ್ನವನ್ನಂತೂ ಇಕ್ಕಿದಳು. ಫಲಿತಾಂಶದ ವಾರದಲ್ಲಿ ನಮ್ಮ ಮನೆಗಳಿಂದ ಆಗಬೇಕಾದುದು ಬಹುಮಟ್ಟಿಗೆ ಇಷ್ಟೇ ಎಂದು ನನಗೆ ತೋರುತ್ತದೆ.

ಆನೆಯೇರಿದವರ ಗತಿಯಾದರೂ ಏನು? ರತ್ನಾಕರನ ನಾಯಕನಾದ ಭರತನ ಕಥೆಯನ್ನು ಅವನಿಗಿಂತ ಆರು ಶತಮಾನ ಹಿಂದೆ ಪಂಪ 'ಆದಿಪುರಾಣ'ದಲ್ಲಿ ಹೇಳಿದ್ದಾನೆ. ಷಟ್ಖಂಡವನ್ನು ಗೆದ್ದ ಚಕ್ರವರ್ತಿ ವೃಷಭಾಚಲದ ಮೇಲೆ ತನ್ನ ಪ್ರಶಸ್ತಿಯನ್ನು ಕೊರೆಯಿಸಲು ಹೋದರೆ ಅಲ್ಲಿ ಎಡೆಯೇ ಇರಲಿಲ್ಲ. ಹಿಂದಿನ ಚಕ್ರವರ್ತಿಗಳ ಹೆಸರುಗಳು ಬೆಟ್ಟವನ್ನೆಲ್ಲ ತುಂಬಿದ್ದುವು. ಅವನ ಗರ್ವ ಮುರಿಯಿತು. ಆದರೂ ಮತ್ತೊಬ್ಬನ ಹೆಸರನ್ನು ಅಳಿಸಿ ತನ್ನದನ್ನು ಬರೆಯಿಸಿದ. ಈ ಭಾಗವನ್ನು ಪಾಠ ಹೇಳುವಾಗಲೆಲ್ಲ ನನಗೆ ನಮ್ಮ ಹಾದಿಬದಿಯ ಫಲಕಗಳ ನೆನಪಾಗುತ್ತದೆ. ಈ ವರ್ಷದವು ಏರಬೇಕಾದರೆ ಹೋದ ವರ್ಷದವು ಇಳಿಯಲೇಬೇಕು.

ಅಳತೆಯ ಮಾತೇ ಬಂದುದರಿಂದ ಬೆಳ್ತಂಗಡಿ ತಾಲೂಕಿನ ವೇಣೂರಿಗೂ ಹೋಗಿಬರೋಣ. ಅಜಿಲ ಅರಸು ತಿಮ್ಮಣ್ಣ 1604ರಲ್ಲಿ ಅಲ್ಲಿ ನಿಲ್ಲಿಸಿದ ಗೊಮ್ಮಟನ ಎತ್ತರ ಸುಮಾರು 35 ಅಡಿ. 1432ರಲ್ಲಿ ನೆಲೆಗೊಂಡ ಕಾರ್ಕಳದ ಗೊಮ್ಮಟ ಸುಮಾರು 42 ಅಡಿ. ಶ್ರವಣಬೆಳಗೊಳದವನನ್ನಂತೂ ಕೇಳುವುದೇ ಬೇಡ. ಸಾಲದೆಂಬಂತೆ ಅದೇ ತಾಲೂಕಿನ ಧರ್ಮಸ್ಥಳದಲ್ಲಿ 1982ರಲ್ಲಿ ಪ್ರತಿಷ್ಠೆಗೊಂಡ ಮೂರ್ತಿ 39 ಅಡಿ. ಈ ನಾಲ್ವರಲ್ಲಿ ವೇಣೂರಿನವನೇ ಕಿರಿಯ. ಆದರೂ ಅವನು ಏಳಬಾರದೆಂದು ಕಾರ್ಕಳದ ಅರಸು ದಂಡೆತ್ತಿ ಬಂದನೆಂದೂ, ಅಜಿಲನು ಮೂರ್ತಿಯನ್ನು ಫಲ್ಗುಣಿಯ ಮರಳಿನಲ್ಲಿ ಹುದುಗಿಸಿ ಕಾಪಾಡಿದನೆಂದೂ ಐತಿಹ್ಯವುಂಟು. ಕಿರಿಯನಿಗೂ ಹಗೆಗಳಿರುತ್ತಾರೆಂದಾಯಿತು! 2024ರ ಮಹಾಮಸ್ತಕಾಭಿಷೇಕದಲ್ಲಿ ಅವನ ಎದುರು ಕೈಮುಗಿದು ನಿಂತ ಜನರಲ್ಲಿ ಕಾರ್ಕಳಕ್ಕಿಂತ ಏಳಡಿ ಕಡಮೆಯೆಂದು ಯಾರಾದರೂ ಅಳೆದಿದ್ದಾರೆಯೇ?

ಬಂಟ್ವಾಳದ ಓದುಗರು ತಮ್ಮವರನ್ನು ಬಿಟ್ಟೆನೆಂದು ಆಕ್ಷೇಪಿಸಬಹುದು. 1874ರಲ್ಲಿ ಅಲ್ಲಿ ಜನಿಸಿದ ಪಂಜೆ ಮಂಗೇಶರಾಯರು ಮಹಾಕಾವ್ಯವನ್ನು ಬರೆಯಲಿಲ್ಲ. ಮಕ್ಕಳ ಹಾಡುಗಳನ್ನೂ ಕಥೆಗಳನ್ನೂ ಬರೆದರು. ತಮ್ಮನ್ನು 'ಕವಿಶಿಷ್ಯ'ನೆಂದು ಕರೆದುಕೊಂಡರು. ಆದರೆ ಅವರು ತಮ್ಮ ಅಳತೆಗೋಲನ್ನು ತಾವೇ ಆರಿಸಿಕೊಂಡವರು. ಆಸೆ ಮುರಿದುಬಿದ್ದವನ ಕೈಗೆ ಆ ದಿನವೇ ಇಂಥ ಕೋಲನ್ನು ತುರುಕಿ 'ಇದರಿಂದ ಅಳೆದುಕೋ' ಎನ್ನುವುದು ಕ್ರೌರ್ಯ. ಅಂಥ ಆಯ್ಕೆ ಬರುವುದಿದ್ದರೆ ತಡವಾಗಿ, ತಾನಾಗಿಯೇ ಬರುತ್ತದೆ.

2024ರಿಂದ ಪಿ.ಯು.ಸಿ. ವಿದ್ಯಾರ್ಥಿಗಳಿಗೆ ಅದೇ ವರ್ಷದಲ್ಲಿ ಇನ್ನೊಮ್ಮೆ ಪರೀಕ್ಷೆ ಬರೆದು ಅಂಕಗಳನ್ನು ಉತ್ತಮಪಡಿಸಿಕೊಳ್ಳುವ ಅವಕಾಶ ದೊರೆತಿದೆ. ಒಳ್ಳೆಯದೇ. ಆದರೆ ಫಲಿತಾಂಶ ಬಂದ ಸಂಜೆಯೇ ಮುಂದಿನ ಪರೀಕ್ಷೆಯ ಅರ್ಜಿಯನ್ನು ಮುಂದಿಡುವ ತಂದೆತಾಯಿಗಳನ್ನು ನಾನು ಕಂಡಿದ್ದೇನೆ. ಎರಡು ದಿನ ತಡೆದರೆ ಯಾವ ಗಡುವೂ ಮೀರುವುದಿಲ್ಲ. ನಮ್ಮ ಕಾಲೇಜುಗಳಲ್ಲಿ ಫಲಕ ಬರೆಯಿಸಲು ಸಮಿತಿಗಳಿವೆ, ಸನ್ಮಾನಕ್ಕೆ ಸಭೆಗಳಿವೆ. ಆ ವಾರದಲ್ಲಿ ಅಧ್ಯಾಪಕರ ಒಂದು ಕೊಠಡಿಯಾದರೂ ದಿನವಿಡೀ ತೆರೆದಿರಲಿ. ಬಂದು ಕುಳಿತ ಹುಡುಗ ತಾನಾಗಿ ಹೇಳುವ ತನಕ ಎಷ್ಟು ಅಂಕ ಬಂತೆಂದು ಯಾರೂ ಅಲ್ಲಿ ಕೇಳದಿರಲಿ.