ಟೊಮ್ಯಾಟೊ ಏರಿದರಷ್ಟೇ ಸುದ್ದಿಯೇ?

ಟೊಮ್ಯಾಟೊ ಬೆಲೆ ಕಿಲೋಗೆ ನೂರು ದಾಟಿತು ಅನ್ನಿ, ನಮ್ಮ ಮುಂಬಯಿಯಲ್ಲಿ ಅದಕ್ಕಿಂತ ದೊಡ್ಡ ಸುದ್ದಿ ಇನ್ನೊಂದಿಲ್ಲ. ಲೋಕಲ್ ಟ್ರೇನಿನಲ್ಲಿ ಅದೇ ಮಾತು, ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಅದೇ ಜೋಕು. ಟೀವಿಯವರಂತೂ ತರಕಾರಿ ಅಂಗಡಿ ಮುಂದೆ ಮೈಕ್ ಹಿಡಿದು ನಿಂತೇ ಇರುತ್ತಾರೆ. ಅದೇ ಹಣ್ಣು ರೈತನ ಕೈಯಲ್ಲಿ ಮೂರು ರೂಪಾಯಿಗೆ ಇಳಿದಾಗ? ರಸ್ತೆ ಬದಿ ಸುರಿದ ಕೆಂಪು ರಾಶಿಯ ಒಂದು ಫೋಟೋ, ಕೆಳಗೆ ಎರಡು ಸಾಲು... ಮುಗೀತು!

ನಾನು ಹುಟ್ಟಿದ್ದು ಕೋಲಾರದ ಕಡೆ. ಮೂವತ್ತು ವರ್ಷದಿಂದ ತಿನ್ನುತ್ತಿರುವುದು ಮುಂಬಯಿಯ ಅನ್ನ. ನಡುವೆ ಪ್ರಮೋಷನ್ನಿಗಾಗಿ ಹಳ್ಳಿ ಶಾಖೆಯ ಸೇವೆ ಅಂತ ಪುಣೆ ಜಿಲ್ಲೆಯ ಜುನ್ನರ ತಾಲ್ಲೂಕಿನಲ್ಲಿ ಮೂರು ವರ್ಷ ಇದ್ದೆ. ಕೋಲಾರದ ಎಪಿಎಂಸಿಯಂತೆ ಅಲ್ಲಿಯ ನಾರಾಯಣಗಾಂವ್ ಮಾರುಕಟ್ಟೆಯೂ ಟೊಮ್ಯಾಟೊಗೆ ಹೆಸರುವಾಸಿ. ನಮ್ಮೂರಲ್ಲಿ 15 ಕಿಲೋದ ಬಾಕ್ಸು, ಇಲ್ಲಿ 20 ಕಿಲೋದ ಕ್ರೇಟು. ಅಷ್ಟೇ ವ್ಯತ್ಯಾಸ. ಹರಾಜಿನ ಹೊತ್ತಿಗೆ ರೈತನ ಮುಖ ಮಾತ್ರ ಎರಡೂ ಕಡೆ ಒಂದೇ ಥರ ಇರುತ್ತದೆ.

2023ರ ಜುಲೈ ನಿಮಗೆಲ್ಲ ನೆನಪಿರಬೇಕು. ಕೋಲಾರದಲ್ಲಿ ಬಾಕ್ಸಿಗೆ ಎರಡು ಸಾವಿರ ದಾಟಿತ್ತು. ಕಾರಣ ಬರೀ ಮಳೆಯಲ್ಲ. ಅದಕ್ಕೂ ಮುಂಚಿನ ತಿಂಗಳುಗಳಲ್ಲಿ ಬೆಲೆ ಪಾತಾಳಕ್ಕೆ ಹೋಗಿದ್ದರಿಂದ ಎಷ್ಟೋ ಜನ ನಾಟಿಯನ್ನೇ ಮಾಡಲಿಲ್ಲ. ಮಾಡಿದವರ ತೋಟಕ್ಕೆ ಎಲೆ ಮುಟುರು ರೋಗ ಬಂತು, ಮಹಾರಾಷ್ಟ್ರದಲ್ಲಿ ಇನ್ನೊಂದು ವೈರಸ್ಸು. ಅಂದರೆ ನಾವು ಜುಲೈಯಲ್ಲಿ ಕೊಟ್ಟ ದುಬಾರಿ ಬೆಲೆಯ ಬೀಜ ಬಿದ್ದದ್ದು, ನಾವು ಚೀಪಾಗಿ ಸಿಕ್ಕಿತೆಂದು ಎರಡೆರಡು ಕಿಲೋ ಕೊಂಡು ತಂದ ದಿನಗಳಲ್ಲೇ.

ಆಗ ಸರಕಾರ ಎಷ್ಟು ಚುರುಕಾಯಿತು ನೋಡಿ. ಜುಲೈ 14ರಿಂದ ದಿಲ್ಲಿಯಲ್ಲಿ 90 ರೂಪಾಯಿಗೆ ಮಾರಾಟ, ಆಮೇಲೆ 80, ಆಮೇಲೆ 70, ಸ್ವಾತಂತ್ರ್ಯ ದಿನಕ್ಕೆ 50! ಅದರಲ್ಲಿ ನಮ್ಮ ಕೋಲಾರದ ಹಣ್ಣೂ ಇತ್ತು. ನೇಪಾಳದಿಂದ ಆಮದಿಗೂ ದಾರಿ ತೆರೆಯಿತು. ಜುಲೈಯ ಗ್ರಾಹಕ ಹಣದುಬ್ಬರ 7.44 ಪರ್ಸೆಂಟಿಗೆ ಏರಿ ನಮ್ಮಂಥ ಬ್ಯಾಂಕಿನವರೆಲ್ಲ ಬಡ್ಡಿದರ ಏನಾಗುತ್ತದೋ ಅಂತ ಕೂತಿದ್ದೆವು. ಆಗಿನ ಸೂಚ್ಯಂಕದಲ್ಲಿ ಟೊಮ್ಯಾಟೊದ ತೂಕ ಬರೀ 0.57 ಪರ್ಸೆಂಟ್. ಅಷ್ಟು ಚಿಕ್ಕ ಹಣ್ಣು ಎಂಥ ಎಂಥವರ ನಿದ್ದೆ ಕೆಡಿಸಿತು!

ಸೆಪ್ಟೆಂಬರ್ ಬಂತು. ನಾಸಿಕ್ ಕಡೆ ಕಿಲೋಗೆ ಮೂರರಿಂದ ಐದು ರೂಪಾಯಿ. ರೈತರು ರಸ್ತೆಗೆ ಸುರಿದರು. ಜುಲೈಯಲ್ಲಿ ನಿಂತಿದ್ದ ಆ ಮೈಕುಗಳು ಎಲ್ಲಿ ಹೋದವೋ!

"ಸುರಿಯೋ ಬದಲು ಬಡವರಿಗೆ ಹಂಚಬಾರದಾ?" ಅಂತ ನಮ್ಮ ಆಫೀಸಿನಲ್ಲೇ ಕೇಳುವವರಿದ್ದಾರೆ. ನಾನು ಬಿ.ಕಾಂ. ಓದಿದವನು, ಲೆಕ್ಕದಲ್ಲೇ ಹೇಳುತ್ತೇನೆ. ಸಸಿ, ಮಲ್ಚಿಂಗ್ ಹಾಳೆ, ಡ್ರಿಪ್ಪು, ಊರುಗೋಲಿನ ಕಡ್ಡಿ, ತಂತಿ, ದಾರ, ವಾರ ವಾರ ಔಷಧಿ... ಈ ಖರ್ಚೆಲ್ಲ ಹಣ್ಣು ಬಿಡುವ ಮುಂಚೆಯೇ ಆಗಿಹೋಗಿರುತ್ತದೆ. ಅದು ಮುಳುಗಿದ ದುಡ್ಡು. ಹಣ್ಣು ಕೆಂಪಾದ ಮೇಲೆ ಉಳಿಯುವ ಪ್ರಶ್ನೆ ಒಂದೇ. ಕೀಳುವ ಕೂಲಿ, ಟೆಂಪೋ ಬಾಡಿಗೆ, ಹಮಾಲಿ ಕಳೆದು ಕೈಗೆ ಏನಾದರೂ ಉಳಿಯುತ್ತದೆಯೇ? ಉಳಿಯದಿದ್ದರೆ ಗಿಡದಲ್ಲೇ ಕೊಳೆಯಲು ಬಿಡುವುದೇ ಕಡಿಮೆ ನಷ್ಟ. ಮಾರುಕಟ್ಟೆ ತನಕ ತಂದು ದರ ಕೇಳಿದವನಿಗೆ ವಾಪಸ್ ಒಯ್ಯಲು ಮತ್ತೆ ಬಾಡಿಗೆ ಬೇಕು. ಹಂಚುವುದಕ್ಕೂ ಬಾಡಿಗೆ ಬೇಕಲ್ಲ ಸ್ವಾಮಿ, ಅದನ್ನು ಕೊಡುವವರು ಯಾರು?

ಜುನ್ನರದಲ್ಲಿ ನನ್ನ ಮೇಜಿನ ಎದುರು ಕೂತವರಲ್ಲಿ ಟೊಮ್ಯಾಟೊ ಬೆಳೆದು ಟ್ರ್ಯಾಕ್ಟರ್ ಕೊಂಡವರೂ ಇದ್ದರು, ಟೊಮ್ಯಾಟೊ ಬೆಳೆದು ಹೆಂಡತಿಯ ಬಳೆ ಅಡವಿಡಲು ಬಂದವರೂ ಇದ್ದರು. ಎಷ್ಟೋ ಸಲ ಇಬ್ಬರೂ ಒಬ್ಬರೇ, ವರ್ಷ ಮಾತ್ರ ಬೇರೆ. ಬೆಳೆ ಸಾಲವನ್ನು ಸಮಯಕ್ಕೆ ಕಟ್ಟಿದರೆ ಮೂರು ಲಕ್ಷದ ತನಕ ಬಡ್ಡಿ ನಾಲ್ಕೇ ಪರ್ಸೆಂಟ್ ಬೀಳುತ್ತದೆ, ನಿಜ. ಆದರೆ ಬೆಲೆ ಬಿದ್ದ ವರ್ಷ ಸಮಯಕ್ಕೆ ಕಟ್ಟುವುದು ಎಲ್ಲಿಂದ? ರಿಯಾಯಿತಿ ಬೇಕಾದ ವರ್ಷವೇ ರಿಯಾಯಿತಿ ಕೈತಪ್ಪುತ್ತದೆ. 2023ರಲ್ಲಿ ಜುನ್ನರದ ಕಡೆಯವರು ಕೋಟಿ ಗಳಿಸಿದ ಸುದ್ದಿಯನ್ನು ಎಲ್ಲರೂ ಲಾಟರಿ ಹೊಡೆದ ಹಾಗೆ ಫಾರ್ವರ್ಡ್ ಮಾಡಿದರು. ಅದು ಲಾಟರಿಯಲ್ಲ, ಹಿಂದಿನ ಹಲವು ವರ್ಷಗಳ ಬಾಕಿ ವಸೂಲಿ ಅಂತ ನನಗನ್ನಿಸುತ್ತದೆ. 2024ರಲ್ಲಿ ರಿಸರ್ವ್ ಬ್ಯಾಂಕು ಪ್ರಕಟಿಸಿದ ಒಂದು ಅಧ್ಯಯನದ ಪ್ರಕಾರ, ಟೊಮ್ಯಾಟೊಗೆ ನಾವು ಕೊಡುವ ಒಂದು ರೂಪಾಯಿಯಲ್ಲಿ ಬೆಳೆದವನಿಗೆ ಮುಟ್ಟುವುದು ಸುಮಾರು 33 ಪೈಸೆ. ಉಳಿದದ್ದು ದಾರಿಯಲ್ಲಿ.

ಇನ್ನು ನಮ್ಮ ಅಡುಗೆಮನೆಗೆ ಬನ್ನಿ. ಟೊಮ್ಯಾಟೊ ಇಲ್ಲದೆ ಅಡುಗೆ ಹೇಗೆ ಅನ್ನುವ ಗೋಳು ಇದೆಯಲ್ಲ, ಅದು ನನಗೆ ಅರ್ಥವಾಗುವುದಿಲ್ಲ. ಈ ಹಣ್ಣು ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನ ಕಾಲದಲ್ಲಿ ಬಂದ ನೆಂಟ. ಬಂಗಾಳಿಗಳು ಇದನ್ನು 'ವಿಲಾಯಿತಿ ಬದನೆ' ಅಂತಲೇ ಕರೆದರು. ಪುರಿ ಜಗನ್ನಾಥನ ಮಹಾಪ್ರಸಾದಕ್ಕೆ ಇವತ್ತಿಗೂ ಇದಕ್ಕೆ ಪ್ರವೇಶವಿಲ್ಲ. ನಮ್ಮಲ್ಲಿ ಎಷ್ಟೋ ಮನೆಗಳ ತಿಥಿ ಅಡುಗೆಯಲ್ಲೂ ಇಲ್ಲ. ತಿಥಿ ಊಟದ ಸಾರಿಗೆ ರುಚಿ ಸಾಲದು ಅಂದವರನ್ನು ನಾನಂತೂ ಕಂಡಿಲ್ಲ, ಎರಡನೇ ಸಲ ಬಡಿಸಿಕೊಂಡವರನ್ನು ಕಂಡಿದ್ದೇನೆ. ಹುಳಿ ಅನ್ನುವುದು ನಮಗೆ ರುಚಿಯ ಹೆಸರೂ ಹೌದು, ಅಡುಗೆಯ ಹೆಸರೂ ಹೌದು. ಹುಣಸೆ, ಪುನರ್ಪುಳಿ, ಅಮಟೆ, ಬಿಂಬುಳಿ, ಮಾವಿನಕಾಯಿ, ನಿಂಬೆ, ಹುಳಿಮಜ್ಜಿಗೆ... ಎಷ್ಟು ಬಾಗಿಲು! 2023ರ ಜುಲೈ ಪೂರ್ತಿ ನಮ್ಮ ಮನೆಯಾಕೆ ಪಕ್ಕದ ಮರಾಠಿ ಮನೆಯವರಿಂದ ಕಲಿತು ಆಮ್ಸೂಲ ಹಾಕಿಯೇ ಸಾರು ಮಾಡಿದಳು. ಮಗಳು ಮೂರನೇ ವಾರದಲ್ಲಿ ಕೇಳಿದಳು, "ಇದೇನಮ್ಮಾ, ಬೇರೆ ಥರ ಇದೆ?" ಅಷ್ಟೇ.

ದಿನಗೂಲಿಯವರ ಮಾತು ಬೇರೆ, ಒಪ್ಪುತ್ತೇನೆ. ಈರುಳ್ಳಿ, ಟೊಮ್ಯಾಟೊ, ಮೆಣಸಿನಕಾಯಿ ಹುರಿದು ರೊಟ್ಟಿಗೆ ನಂಚಿಕೊಳ್ಳುವವರಿಗೆ ಅದೇ ಪಲ್ಯ, ಅದೇ ಸಾರು. ಪಾವ್ ಭಾಜಿ ಗಾಡಿಯವನಿಗೂ ಬೇರೆ ದಾರಿಯಿಲ್ಲ. ಅವರಿಗಾಗಿ 70 ರೂಪಾಯಿಗೆ ಮಾರಿದ್ದು ಸರಿಯೇ. ಆದರೆ ಗಲಾಟೆ ಮಾಡಿದ್ದು ಅವರಲ್ಲ. ಮಾಲಿನಲ್ಲಿ ಮುನ್ನೂರು ರೂಪಾಯಿ ಕೊಟ್ಟು ಪಾಪ್‌ಕಾರ್ನ್ ತಿನ್ನುವ ನಾವು!

ಬೆಲೆ ಬಿದ್ದಾಗ ಕೈಹಿಡಿಯುವ ಯೋಜನೆ ಇಲ್ಲವೇ ಇಲ್ಲ ಅಂತಲ್ಲ. ಮಾರುಕಟ್ಟೆ ಮಧ್ಯಪ್ರವೇಶ ಯೋಜನೆ ಹಿಂದಿನಿಂದಲೂ ಇದೆ. 2025ರ ಫೆಬ್ರವರಿಯಲ್ಲಿ ಅದನ್ನು ತಿದ್ದಿ, ಬೆಲೆಯ ವ್ಯತ್ಯಾಸವನ್ನು ನೇರ ರೈತನ ಖಾತೆಗೆ ಹಾಕುವ ಅವಕಾಶ ಕೊಟ್ಟಿದ್ದಾರೆ, ಟೊಮ್ಯಾಟೊ ಸಾಗಿಸುವ ಖರ್ಚಿಗೂ ಏರ್ಪಾಡು ಮಾಡಿದ್ದಾರೆ. ಒಳ್ಳೆಯದೇ. ಆದರೆ ರಾಜ್ಯ ಕೇಳಬೇಕು, ಕೇಂದ್ರ ಒಪ್ಪಬೇಕು, ಕಾಗದ ಓಡಾಡಬೇಕು. ಕಾಗದಕ್ಕೆ ಕಾಯುವ ತಾಳ್ಮೆ ಕೆಂಪಾದ ಹಣ್ಣಿಗೆ ಎಲ್ಲಿದೆ? 2023ರಲ್ಲಿ ದಿಲ್ಲಿಯ ಬೀದಿಗೆ ವ್ಯಾನು ಬಂದಷ್ಟೇ ಬೇಗ ಕೋಲಾರದ ಹರಾಜು ಕಟ್ಟೆಗೂ ವ್ಯಾನು ಬರಲಿ, ನಾನು ಕೇಳುವುದು ಅಷ್ಟೇ.

ನಿಮ್ಮ ಕಡೆ ಈಗ ಟೊಮ್ಯಾಟೊಗೆ ಎಷ್ಟಿದೆ? ಹತ್ತು-ಹದಿನೈದಕ್ಕೆ ಸಿಗುತ್ತಿದ್ದರೆ ಊರಲ್ಲಿ ಬೆಳೆಯುವ ನೆಂಟರಿಗೆ ಒಂದು ಫೋನ್ ಮಾಡಿ, ಅವರಿಗೆಷ್ಟು ಸಿಕ್ಕಿತು ಅಂತ ಕೇಳಿ ನೋಡಿ.