ಕಡಲ ತಡಿಗೆ ಬಂದ ಮೈಕಾಸುರ

ಭಾನುವಾರ ಸಾಯಂಕಾಲ ಐದು ಗಂಟೆಯ ಬಸ್ಸು ಹತ್ತಿ ಕಡಲಿಗೆ ಹೊರಟ ಸಂಸಾರವೊಂದಕ್ಕೆ ಮೊದಲು ಎದುರಾಗುವುದು ಕಡಲಲ್ಲ, ಹಾಡು. ಬಸ್ಸು ಕೊನೆಯ ತಿರುವು ದಾಟುವ ಮೊದಲೇ ಢಂ ಢಂ ಎಂದು ಎದೆಗೆ ಬಡಿಯಲು ಶುರು. ಬಸ್ಸಿನೊಳಗೆ ಡ್ರೈವರರ ತಲೆಯ ಮೇಲಿನ ಪೆಟ್ಟಿಗೆ ಮುಕ್ಕಾಲು ಗಂಟೆಯಿಂದ ಹಾಡುತ್ತಲೇ ಬಂದಿದೆ. ಇಳಿದರೆ ಅದೇ ಹಾಡನ್ನು ಐಸ್‌ಕ್ರೀಂ ಅಂಗಡಿಯ ಪೆಟ್ಟಿಗೆ ಅರ್ಧದಿಂದ ಮುಂದುವರಿಸುತ್ತದೆ. ಪಕ್ಕದ ಜ್ಯೂಸಿನ ಅಂಗಡಿಯಲ್ಲಿ ಬೇರೆ ಹಾಡು. ಬೋಟಿನ ಟಿಕೆಟು ಕೊಡುವಲ್ಲಿ ಮೂರನೆಯದು. ಮೂರೂ ಕೂಡಿದ ಮೇಲೆ ಯಾವುದೂ ಹಾಡಾಗಿ ಉಳಿಯುವುದಿಲ್ಲ. ಮಗು ಚರುಮುರಿ ಬೇಕು ಅನ್ನುತ್ತದೆ, ತಂದೆಗೆ ಕೇಳುವುದಿಲ್ಲ. ತಂದೆ ಖಾರ ಕಡಿಮೆ ಹಾಕಿ ಅನ್ನುತ್ತಾನೆ, ಚರುಮುರಿಯವರಿಗೆ ಕೇಳುವುದಿಲ್ಲ. ಮಗು ಬಾಯಿ ಸುಟ್ಟುಕೊಂಡು ಅಳುತ್ತದೆ, ಅದೂ ಯಾರಿಗೂ ಕೇಳುವುದಿಲ್ಲ.

ಇದು ಇಂಥ ಬೀಚಿನ ಕತೆ ಎಂದು ಹೆಸರು ಹಿಡಿದು ಹೇಳುವ ಅಗತ್ಯವಿಲ್ಲ. ತಲಪಾಡಿಯಿಂದ ಕಾರವಾರದವರೆಗೆ ಜನ ಸೇರುವ ಕಡಲ ದಂಡೆ ಯಾವುದೇ ಇರಲಿ, ರಜೆಯ ದಿನ ಅದರ ಪಾಡು ಹೆಚ್ಚುಕಡಿಮೆ ಒಂದೇ. ಹಿಂದೆ ಊರವರು ಮೈಕಾಸುರ ಎಂದು ಬೈಯುತ್ತಿದ್ದದ್ದು ಮದುವೆ ಚಪ್ಪರದ, ಜಾತ್ರೆಯ, ಚುನಾವಣೆ ಜೀಪಿನ ಧ್ವನಿವರ್ಧಕವನ್ನು. ಅದಕ್ಕೊಂದು ಕೊನೆ ಇರುತ್ತಿತ್ತು. ಮದುವೆ ಮುಗಿದರೆ, ಓಟು ಮುಗಿದರೆ ಅದು ಗೋಣಿಚೀಲ ಸೇರುತ್ತಿತ್ತು. ಈಗಿನ ಮೈಕಾಸುರ ಕಡಲ ತಡಿಯಲ್ಲಿ ಖಾಯಂ ಠಿಕಾಣಿ ಹೂಡಿದ್ದಾನೆ. ಅವನಿಗೆ ಸಮಾರಂಭ ಬೇಡ. ಒಂದು ಪ್ಲಗ್ಗು, ಇಲ್ಲವೇ ಚಾರ್ಜು ಮಾಡಿದ ಬ್ಲೂಟೂತ್ ಪೆಟ್ಟಿಗೆ ಸಾಕು.

“ಜನ ಖುಷಿಪಡ್ಲಿಕ್ಕೆ ಬರುವುದು, ಸ್ವಲ್ಪ ಹಾಡು ಬೇಡ್ವಾ?” ಎಂದು ಅಂಗಡಿಯವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಹಾಡು ಬೇಡ ಎಂದವರು ಯಾರೂ ಇಲ್ಲ. ತನ್ನ ಅಂಗಡಿಯೊಳಗೆ ತನ್ನ ಗಿರಾಕಿಗೆ ಕೇಳುವಷ್ಟು ಹಾಡು ಹಾಕಿದರೆ ಯಾರಿಗೂ ತಕರಾರಿಲ್ಲ. ಆದರೆ ಕಡಲ ಬದಿಯಲ್ಲಿ ಹಾಡು ಅಷ್ಟಕ್ಕೇ ನಿಲ್ಲುವುದಿಲ್ಲ. ಕಡಲಿಗೆ ಅದರದ್ದೇ ಮೊರೆತ ಉಂಟು. ಅದರ ಎದುರು ಹಾಡಿನ ಮಾತು ತಿಳಿಯಬೇಕಾದರೆ ಪೇಟೆಯ ಅಂಗಡಿಗಿಂತ ಜೋರಾಗಿ ಇಡಬೇಕು. ಒಬ್ಬರು ಜೋರು ಇಟ್ಟ ಕೂಡಲೇ ಪಕ್ಕದವರ ಹಾಡು ಅಡಗುತ್ತದೆ, ಅವರೂ ತಿರುಗಿಸುತ್ತಾರೆ. ನಡುವೆ ನಿಂತ ಗಿರಾಕಿ ಬೊಬ್ಬೆ ಹೊಡೆದು ಮಾತಾಡುತ್ತಾನೆ. ಗದ್ದಲದಲ್ಲಿ ಮನುಷ್ಯ ತನಗೇ ಗೊತ್ತಿಲ್ಲದೆ ಸ್ವರ ಏರಿಸುತ್ತಾನೆ ಎಂಬುದನ್ನು ಫ್ರಾನ್ಸಿನ ಲೊಂಬಾರ್ ಎಂಬ ಕಿವಿಯ ವೈದ್ಯರು 1911ರಲ್ಲೇ ಬರೆದಿಟ್ಟಿದ್ದಾರೆ. ಆ ಬೊಬ್ಬೆಯ ಮೇಲೆ ಹಾಡು ಕೇಳಬೇಕೆಂದು ಮತ್ತೆ ಪೆಟ್ಟಿಗೆಯ ಕಿವಿ ಹಿಂಡುವುದು! ಡೆಸಿಬಲ್ ಎಂಬ ಲೆಕ್ಕವೂ ಮೋಸದ್ದು. 10 ಡೆಸಿಬಲ್ ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟಾಗಿರುತ್ತದೆ, ಕಿವಿಗೆ ಮಾತ್ರ ಸುಮಾರು ಎರಡು ಪಟ್ಟು ಜೋರಾದ ಹಾಗೆ ಕಾಣುತ್ತದೆ. ನಾಲ್ಕು ಗಂಟೆಗೆ ಹಿತವಾಗಿದ್ದದ್ದು ಆರು ಗಂಟೆಗೆ ಹೀಗೆ ಯಾರ ಲಕ್ಷ್ಯಕ್ಕೂ ಬಾರದೆ ರಾಕ್ಷಸನಾಗಿ ನಿಂತಿರುತ್ತದೆ.

ಇಷ್ಟೇ ಆಗಿದ್ದರೆ ಕಿವಿಗೆ ಹತ್ತಿ ಇಟ್ಟುಕೊಂಡು ಬರಬಹುದಿತ್ತು. ಆದರೆ ಕಡಲ ದಂಡೆ ಪೇಟೆಯ ಬೀದಿಯ ಹಾಗಲ್ಲ. ಅಲ್ಲಿ ಕೆಲವೊಮ್ಮೆ ಜೀವ ಉಳಿಯುವುದು ಕಿವಿಯಿಂದ. ನೀರಿಗೆ ಇಳಿದವರು ಆಳಕ್ಕೆ ಹೋಗುತ್ತಿದ್ದಾರೆ ಎಂದು ಕಂಡಾಗ ಲೈಫ್‌ಗಾರ್ಡ್ ಮೊದಲು ಮಾಡುವ ಕೆಲಸ ವಿಸಿಲ್ ಊದುವುದು. ಆ ವಿಸಿಲ್‌ಗೆ ಗಾಳಿಯೇ ವೈರಿ. ಬಿಸಿಲಿಗೆ ನೆಲ ಬೇಗ ಕಾಯುವುದರಿಂದ ಮಧ್ಯಾಹ್ನದಿಂದ ಸಂಜೆಯವರೆಗೆ, ಅಂದರೆ ಜನ ಹೆಚ್ಚು ಸೇರುವ ಹೊತ್ತಿಗೇ, ಗಾಳಿ ಕಡಲಿನಿಂದ ನೆಲದ ಕಡೆಗೆ ಬೀಸುತ್ತದೆ. ಈ ಗಾಳಿ ನೆಲದ ಹತ್ತಿರ ನಿಧಾನ, ಮೇಲೆ ಹೋದ ಹಾಗೆ ವೇಗ. ಹಾಗಾಗಿ ಗಾಳಿಯ ಜೊತೆ ಸಾಗುವ ಶಬ್ದ ನೆಲದ ಕಡೆ ಬಾಗುತ್ತದೆ. ಗಾಳಿಗೆ ಎದುರಾಗಿ ಹೋಗುವ ಶಬ್ದ ಮೇಲಕ್ಕೆ ಎದ್ದು ತಲೆಯ ಮೇಲಿನಿಂದ ಹಾದುಹೋಗುತ್ತದೆ. ದಡದಲ್ಲಿ ಊದಿದ ವಿಸಿಲ್ ನೀರಿನಲ್ಲಿ ಇರುವವರಿಗೆ ಮೊದಲೇ ಅರೆಬರೆ. ಅದರ ಜೊತೆಗೆ ದಡದಲ್ಲೇ ನಾಲ್ಕು ಪೆಟ್ಟಿಗೆ ಒದರುತ್ತಿದ್ದರೆ ಕಾಲಿನಷ್ಟು ನೀರಿನಲ್ಲಿ ನಿಂತವರಿಗೂ ವಿಸಿಲ್ ಯಾವುದು, ಹಾಡಿನ ನಡುವಿನ ಸೀಟಿ ಯಾವುದು ಎಂದು ತಿಳಿಯುವುದಿಲ್ಲ.

ಇನ್ನೊಂದು ಕಡೆಯಿಂದಲೂ ನೋಡಬೇಕು. ಮುಳುಗುವವರಿಗೆ ಹೆಚ್ಚಾಗಿ ಕೂಗಲಿಕ್ಕೇ ಆಗುವುದಿಲ್ಲ. ಉಸಿರಿಗೇ ಬಾಯಿ ಸಾಲದು. ಕೂಗುವುದು ಪಕ್ಕದಲ್ಲಿ ನಿಂತ ಗೆಳೆಯ, ಅಕ್ಕ, ತಮ್ಮ. ಅವರ ಕೂಗು ಗಾಳಿಯ ಜೊತೆಗೆ ದಡಕ್ಕೆ ಬರುತ್ತದೆ. ಅಂದರೆ ಪ್ರಕೃತಿಯೇ ಆ ಕೂಗನ್ನು ಹೊತ್ತು ತಂದು ಲೈಫ್‌ಗಾರ್ಡಿನ ಕಿವಿಗೆ ಹಾಕುವ ಏರ್ಪಾಡು ಮಾಡಿದೆ. ಬಾಗಿಲಲ್ಲಿ ಅದನ್ನು ತಡೆದು ನುಂಗುವವನು ಮೈಕಾಸುರ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಆ ದುರಂತಕ್ಕೂ ಹಾಡಿಗೂ ಗಂಟು ಹಾಕುವುದು ಅನ್ಯಾಯ, ಹಾಗೆ ಯಾರೂ ಹೇಳುತ್ತಿಲ್ಲ. ಆದರೆ ಘಟ್ಟದ ಮೇಲಿನ ಮಕ್ಕಳು ಕಡಲನ್ನು ಮೊದಲ ಸಲ ನೋಡಲೆಂದು ಬಸ್ಸುಗಟ್ಟಲೆ ಬಂದು ಇಳಿಯುವ ಜಾಗ ಇದು. ನೀರಿನ ಸೆಳೆತ ಅವರಿಗೆ ಗೊತ್ತಿರುವುದಿಲ್ಲ. ದಡದಿಂದ ಬರುವ ಒಂದು ಕೂಗು ಬಿಟ್ಟರೆ ಅವರಿಗೆ ಬೇರೆ ದಿಕ್ಕಿಲ್ಲ. ಆ ಕೂಗಿಗೆ ಅಡ್ಡ ಬರುವ ಹಕ್ಕು ಯಾವ ಜ್ಯೂಸಿನ ಅಂಗಡಿಗೂ ಇಲ್ಲ.

ಕಡಲಿನಿಂದ ಬೀಸುವ ಗಾಳಿ ಅಂಗಡಿಗಳ ಹಾಡನ್ನೂ ಹೊತ್ತುಕೊಂಡು ಹೋಗುತ್ತದಲ್ಲ, ಅದು ಸುರಿಯುವುದು ಎಲ್ಲಿಗೆ? ಗಾಳಿಮರಗಳ ಹಿಂದಿನ ಮನೆಗಳಿಗೆ. ಪ್ರವಾಸಿ ಎರಡು ಗಂಟೆ ಕೂತು ಎದ್ದು ಹೋಗುತ್ತಾನೆ. ಆ ಮನೆಯವರು ಎಲ್ಲಿಗೆ ಹೋಗುವುದು? ನಸುಕಿಗೆ ಮೊದಲೇ ನಾಡದೋಣಿ ನೂಕಬೇಕಾದ ಗಂಡಸು ಎಂಟು ಗಂಟೆಗೆ ಮಲಗಬೇಕು. ನಸುಕಿಗೇ ಎದ್ದು ಬುಟ್ಟಿ ಹಿಡಿದು ಬಂದರಿಗೆ ಓಡಬೇಕಾದ ಹೆಂಗಸೂ ಅಷ್ಟೇ. ಹತ್ತನೆಯ ತರಗತಿಯ ಹುಡುಗಿ ಅದೇ ಗೋಡೆಗೆ ಒರಗಿ ಲೆಕ್ಕ ಮಾಡಬೇಕು. ಪದ ಕೇಳದಿದ್ದರೂ ಆ ಢಂ ಢಂ ಮಾತ್ರ ಹಂಚು, ಗೋಡೆ ದಾಟಿ ಬಂದೇ ಬರುತ್ತದೆ. ಸಣ್ಣ ಸ್ವರಗಳನ್ನು ಗೋಡೆ ತಡೆಯುತ್ತದೆ, ದಪ್ಪ ಸ್ವರವನ್ನು ತಡೆಯುವುದು ಕಷ್ಟ. ದಂಡೆಯಲ್ಲಿ ಇನ್ನೂ ಅಲ್ಲಲ್ಲಿ ಕೈರಂಪಣಿ ಎಳೆಯುವವರಿದ್ದಾರೆ. ಬಲೆಯ ಎರಡು ತುದಿಗೆ ಎರಡು ಗುಂಪು ನಿಂತು, ಒಬ್ಬರ ಕೂಗಿಗೆ ಎಲ್ಲರೂ ಒಟ್ಟಿಗೆ ಜಗ್ಗುವ ಕೆಲಸ ಅದು. ಅದರ ಫೋಟೋ ತೆಗೆಯಲಿಕ್ಕೆ ಪ್ರವಾಸಿಗರು ಮುತ್ತಿಕೊಳ್ಳುತ್ತಾರೆ. ಎಳೆಯುವವರಿಗೆ ಒಬ್ಬರ ಕೂಗು ಒಬ್ಬರಿಗೆ ಕೇಳುವುದಿಲ್ಲ ಎಂಬುದು ಫೋಟೋದಲ್ಲಿ ಬರುವುದಿಲ್ಲ.

ಅಂಗಡಿಯವರಿಗೆ ಲಾಭದ ಮಾತನ್ನೇ ಹೇಳೋಣ ಎಂದರೆ ಅದೂ ಹಾಡಿನ ಪರವಾಗಿಲ್ಲ. ಜೋರು ಹಾಡು ಇದ್ದರೆ ವ್ಯಾಪಾರ ಜೋರು ಎಂಬುದು ಬರೀ ಊಹೆ. ಅಮೆರಿಕದಲ್ಲಿ 1966ರಲ್ಲಿ ಸ್ಮಿತ್ ಮತ್ತು ಕರ್ನೋ ಎಂಬಿಬ್ಬರು ದೊಡ್ಡ ಅಂಗಡಿಗಳಲ್ಲಿ ಇದನ್ನು ಪರೀಕ್ಷಿಸಿದರು. ಸಂಗೀತ ಜೋರಾಗಿದ್ದಾಗ ಗಿರಾಕಿಗಳು ಅಂಗಡಿಯಲ್ಲಿ ನಿಂತ ಹೊತ್ತು ಕಡಿಮೆಯಾಯಿತು. 1982ರಲ್ಲಿ ಮಿಲಿಮನ್ ಎಂಬ ಪ್ರಾಧ್ಯಾಪಕರು ಇನ್ನೊಂದು ಸಂಗತಿ ಕಂಡರು: ಹಿನ್ನೆಲೆಯ ಹಾಡಿನ ಗತಿ ನಿಧಾನವಾಗಿದ್ದಾಗ ಜನ ನಿಧಾನ ನಡೆದರು, ಹೆಚ್ಚು ಕೊಂಡರು. ಕಡಲ ಬದಿಯಲ್ಲಿ ಇದಕ್ಕೆ ಅಮೆರಿಕದ ಸಾಕ್ಷಿಯೂ ಬೇಡ. ಎರಡು ಪ್ಲೇಟು ಗೋಳಿಬಜೆ ತಿಂದು, ಚಹಾ ಕುಡಿದು, ಮತ್ತೊಂದು ಪ್ಲೇಟು ಹೇಳುವವರು ಕೂತು ಮಾತಾಡುವವರು. ಮಾತಾಡಲಿಕ್ಕೆ ಆಗದಿದ್ದರೆ ಒಂದೇ ಪ್ಲೇಟಿಗೆ ಎದ್ದು ಬಸ್ಸಿನ ಕಡೆ ನಡೆಯುತ್ತಾರೆ. ಬೊಂಡ ಕೆತ್ತುವವರು, ಚರುಮುರಿ ಗಾಡಿಯವರು, ಅನಾನಸಿನ ಹೋಳು ಮಾರುವವರು ಪೆಟ್ಟಿಗೆ ಇಟ್ಟವರಲ್ಲ. ಅವರ ಗಂಟಲೇ ಅವರ ಜಾಹೀರಾತು. ಆ ಗಂಟಲನ್ನು ದೊಡ್ಡ ಅಂಗಡಿಯ ಪೆಟ್ಟಿಗೆ ಕಟ್ಟಿಹಾಕಿದೆ.

ಅಂಗಡಿಯೊಳಗೆ ಕೆಲಸಕ್ಕೆ ನಿಂತ ಹುಡುಗರ ಸುದ್ದಿ ಯಾರೂ ಎತ್ತುವುದಿಲ್ಲ. ಅದೇ ಹದಿನೈದು ಇಪ್ಪತ್ತು ಹಾಡು, ಬೆಳಿಗ್ಗೆಯಿಂದ ರಾತ್ರಿಯವರೆಗೆ, ತಿಂಗಳುಗಟ್ಟಲೆ. ಕೆಲಸದ ಜಾಗದಲ್ಲಿ ಎಂಟು ಗಂಟೆಯ ಪಾಳಿಗೆ 85 ಡೆಸಿಬಲ್ ಎಂಬ ಮಿತಿಯನ್ನು ಜಗತ್ತಿನ ಹಲವೆಡೆ ತಜ್ಞರು ಹಾಕಿದ್ದಾರೆ. ಆ ಲೆಕ್ಕದಲ್ಲಿ ಮೂರು ಡೆಸಿಬಲ್ ಏರಿದರೆ ಸಹಿಸಬಹುದಾದ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ಪೆಟ್ಟಿಗೆಯ ಪಕ್ಕದಲ್ಲೇ ನಿಂತು ಐಸ್‌ಕ್ರೀಂ ತೆಗೆದುಕೊಡುವ ಹುಡುಗ ರಾತ್ರಿ ಮನೆಗೆ ಹೋದಾಗ ಕಿವಿಯಲ್ಲಿ ಗುಂಯ್ ಅನ್ನುತ್ತದೆ ಎಂದರೆ ಅದು ತಮಾಷೆಯಲ್ಲ. ಒಳಗಿವಿಯ ಸೂಕ್ಷ್ಮ ಕೂದಲಿನಂಥ ಕಣಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಕಾನೂನು ಇಲ್ಲವೇ? ಬೇಕಾದಷ್ಟು ಉಂಟು. ತೊಂದರೆ ಏನೆಂದರೆ ಅದರ ಒಂದು ಸಾಲು ಮಾತ್ರ ಎಲ್ಲರಿಗೂ ಬಾಯಿಪಾಠ: ರಾತ್ರಿ ಹತ್ತರ ಮೇಲೆ ಮೈಕು ಇಲ್ಲ. ಹತ್ತರ ಮೊದಲು ಎಷ್ಟು ಬೇಕಾದರೂ ಆಗಬಹುದು ಎಂದು ಅದನ್ನು ತಿರುಗಿಸಿ ಅರ್ಥ ಮಾಡಿಕೊಂಡವರೇ ಹೆಚ್ಚು. ಹಾಗಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಹಗಲಿನಲ್ಲೂ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ಹಗಲಿನ ಮಿತಿ ವಸತಿ ಪ್ರದೇಶದಲ್ಲಿ 55 ಡೆಸಿಬಲ್, ವಾಣಿಜ್ಯ ಪ್ರದೇಶದಲ್ಲಿ 65. ಖಾಸಗಿ ಜಾಗದಲ್ಲಿ ಇಟ್ಟ ಪೆಟ್ಟಿಗೆಯ ಶಬ್ದ ಆ ಜಾಗದ ಗಡಿಯಲ್ಲಿ ಈ ಮಿತಿಗಿಂತ 5 ಡೆಸಿಬಲ್‌ಗಿಂತ ಹೆಚ್ಚು ಮೀರುವಂತಿಲ್ಲ. ಸುಪ್ರೀಂ ಕೋರ್ಟು 2005ರಲ್ಲಿ ಇದೇ ವಿಷಯದಲ್ಲಿ ಖಡಕ್ಕಾಗಿ ತೀರ್ಪು ಕೊಟ್ಟಿತ್ತು. ಇನ್ನು ವ್ಯಾಪಾರದ ಜಾಗದಲ್ಲಿ ಧ್ವನಿಮುದ್ರಿತ ಹಾಡು ಹಾಕುವುದಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆಯಡಿ ಪರವಾನಗಿ ಬೇಕು ಎಂಬುದು ಬೇರೆಯೇ ಕತೆ. ಆ ಕಾಗದ ಎಷ್ಟು ಅಂಗಡಿಯಲ್ಲಿ ಇದ್ದೀತು ಎಂದು ಕೇಳದಿರುವುದೇ ಮರ್ಯಾದೆ. 2022ರಲ್ಲಿ ಕಟೀಲು ಮೇಳಗಳೇ ಧ್ವನಿವರ್ಧಕದ ನಿಯಮದ ಕಾರಣಕ್ಕೆ ಇಡೀ ರಾತ್ರಿಯ ಆಟ ಬಿಟ್ಟು ಕಾಲಮಿತಿಗೆ ಇಳಿದದ್ದನ್ನು ಈ ಊರು ಕಂಡಿದೆ. ತಲೆಮಾರುಗಳ ಆಟಕ್ಕೆ ಹಿಡಿದ ಅಳತೆಗೋಲು ಐಸ್‌ಕ್ರೀಂ ಅಂಗಡಿಯ ಪೆಟ್ಟಿಗೆಗೆ ಯಾಕೆ ಬೇಡ?

ಪ್ರವಾಸೋದ್ಯಮ ಬೆಳೆಯಬೇಕಾದರೆ ಇದೆಲ್ಲ ಸಹಿಸಬೇಕು ಎನ್ನುವವರೂ ಇದ್ದಾರೆ. ಪಡುಬಿದ್ರಿ, ಕಾಸರಕೋಡು ದಂಡೆಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಬಂದದ್ದು ನೀರು, ನೈರ್ಮಲ್ಯ, ಸುರಕ್ಷತೆಯ ಲೆಕ್ಕದ ಮೇಲೆ. ಹಾಡು ಜೋರಾಗಿದೆ ಎಂದು ಯಾರೂ ಬಾವುಟ ಕೊಡಲಿಲ್ಲ. ಕಾರವಾರದ ದಂಡೆಗೆ ರವೀಂದ್ರನಾಥ ಟಾಗೋರರ ಹೆಸರಿಟ್ಟು ಹೆಮ್ಮೆಪಡಲಾಗುತ್ತದೆ. 1880ರ ದಶಕದ ಆರಂಭದಲ್ಲಿ, ಅಣ್ಣ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರಾಗಿದ್ದಾಗ ಬಂದ ಆ ಯುವಕ ಮುಂದೆ ತನ್ನ ನೆನಪಿನ ಪುಸ್ತಕದಲ್ಲಿ ಬರೆದದ್ದು ಬೆಳದಿಂಗಳ ರಾತ್ರಿ ಆ ಮರಳಿನ ಮೇಲಿದ್ದ ನಿಶ್ಶಬ್ದವನ್ನು. ಅಲ್ಲೇ ಅವರು ಬರೆದ ನಾಟಕದ ಹೆಸರು ‘ಪ್ರಕೃತಿರ್ ಪ್ರತಿಶೋಧ್’, ಪ್ರಕೃತಿಯ ಸೇಡು ಎಂದರ್ಥ. ಬೆಂಗಳೂರಿನಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬರುವವರು ಬೆಂಗಳೂರಿನಲ್ಲಿ ಸಿಗದ್ದನ್ನು ಹುಡುಕಿಕೊಂಡು ಬರುತ್ತಾರೆ. ಪೆಟ್ಟಿಗೆಯ ಹಾಡು ಅವರಿಗೆ ಅಲ್ಲೇ ಗಲ್ಲಿಗೊಂದು ಉಂಟು.

ಅಂಗಡಿಯವರನ್ನು ಮಾತ್ರ ಹಿಡಿದರೆ ಸಾಲದು ಎಂಬುದೂ ನಿಜ. ಕಾರಿನ ಡಿಕ್ಕಿ ತೆರೆದಿಟ್ಟು ಗಾಡಿಯನ್ನೇ ಗ್ರಾಮಾಫೋನು ಮಾಡುವ ಪ್ರವಾಸಿಗಳಿದ್ದಾರೆ. ಹೇಳಹೋದರೆ “ನಿಮ್ದೇನು ಬೀಚಾ?” ಎಂದು ಜಗಳಕ್ಕೆ ಬರುತ್ತಾರೆ. ಅವರಿಗೆ ಉತ್ತರ ಹೇಳುವ ಕೆಲಸ ಪೊಲೀಸರದ್ದು. ಭಾನುವಾರ ಸಂಜೆ ಒಬ್ಬ ಪೇದೆ ಪಾರ್ಕಿಂಗಿನಲ್ಲಿ ನಿಂತರೆ ಅರ್ಧ ಗಲಾಟೆ ಅಲ್ಲೇ ನಿಲ್ಲುತ್ತದೆ. 112ಕ್ಕೆ ಫೋನು ಮಾಡಿದವರನ್ನು ತಕರಾರುಕೋರರ ಹಾಗೆ ನೋಡುವುದನ್ನು ಠಾಣೆಯವರೂ ಬಿಡಬೇಕು.

ಅಂಗಡಿಗಳ ವಿಷಯದಲ್ಲಿ ಮದ್ದು ಇನ್ನೂ ಸುಲಭ. ಕಡಲ ಬದಿಯ ಅಂಗಡಿ, ಬೋಟು, ಪಾರ್ಕಿಂಗು ಹೆಚ್ಚಿನ ಕಡೆ ಏಲಂ ಇಲ್ಲವೇ ಗುತ್ತಿಗೆಯ ಮೇಲೆಯೇ ನಡೆಯುವುದು. ಕಸದ ಬುಟ್ಟಿ ಇಡಬೇಕು, ಪ್ಲಾಸ್ಟಿಕ್ ಮಾರಬಾರದು ಎಂದು ಷರತ್ತು ಹಾಕಲು ಬರುವ ಪಂಚಾಯತಿಗೆ, ಇಲಾಖೆಗೆ, ಪೆಟ್ಟಿಗೆಯ ಮುಖ ಅಂಗಡಿಯ ಒಳಕ್ಕೆ ಇರಬೇಕು, ಶಬ್ದ ಮೆಟ್ಟಿಲು ದಾಟಬಾರದು ಎಂದು ಬರೆಯಲು ಬಾರದೇ? ದಂಡೆಯಲ್ಲಿ ಹೊರಮುಖವಾಗಿ ಒಂದೇ ಧ್ವನಿವರ್ಧಕ ಸಾಕು. ಅದರ ಮೈಕು ಲೈಫ್‌ಗಾರ್ಡಿನ ಕೈಯಲ್ಲಿ ಇರಲಿ. ಕೆಂಪು ಬಾವುಟ ಏರಿದ ದಿನ ಒಂದು ಪೆಟ್ಟಿಗೆಯೂ ಹಾಡಬಾರದು. ಮೊದಲ ಸಲ ತಪ್ಪಿದರೆ ನೋಟಿಸು, ಎರಡನೆಯ ಸಲ ಪೆಟ್ಟಿಗೆ ಜಪ್ತಿ. ಶಬ್ದ ಅಳೆಯುವ ಯಂತ್ರ ಬರಲಿ ಎಂದು ಕಾಯಬೇಕಾಗಿಲ್ಲ. ನೀರಿನ ಅಂಚಿನಲ್ಲಿ ನಿಂತವರಿಗೆ ಅಂಗಡಿಯ ಹಾಡಿನ ಪದ ತಿಳಿಯುತ್ತಿದೆ ಎಂದಾದರೆ ಅದು ಜಾಸ್ತಿಯಾಯಿತು ಎಂದೇ ಲೆಕ್ಕ.

ಮಳೆಗಾಲದಲ್ಲಿ ದಂಡೆಗೆ ಬಲೆ ಕಟ್ಟಿ ಜನರನ್ನು ನೀರಿಗೆ ಇಳಿಯದಂತೆ ತಡೆಯುವ ನಾಲ್ಕು ತಿಂಗಳು ಅಂಗಡಿಗಳೂ ಹೆಚ್ಚುಕಡಿಮೆ ಮುಚ್ಚಿರುತ್ತವೆ. ಮತ್ತೆ ತೆರೆಯುವ ಮೊದಲು ಷರತ್ತಿನ ಪಟ್ಟಿಗೆ ಈ ನಾಲ್ಕು ಸಾಲು ಸೇರಿಸಲಿಕ್ಕೆ ಒಂದು ಸಭೆ ಸಾಕು. ಆ ಸಭೆಗೆ ಗಾಳಿಮರದ ಹಿಂದಿನ ಮನೆಯವರನ್ನೂ ಲೈಫ್‌ಗಾರ್ಡುಗಳನ್ನೂ ಕರೆದು ಕೂರಿಸಬೇಕು.